ಎಲ್ಲರೂ ಹತ್ತಿದರಾ?

ಹಾಸ್ಟೆಲಿನಲ್ಲಿ ನಮಗೆ ನಾಲ್ವರಿಗೂ ಊರಿನ ಹೆಸರೇ ಹೆಸರಾಗಿತ್ತು. ಹೂವಿನಹಡಗಲಿಯಿಂದ ಬಂದವನು ಹಡಗಲಿ. ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವನು ಹರಪನಹಳ್ಳಿ. ಹಗರಿಬೊಮ್ಮನಹಳ್ಳಿಯವನನ್ನು ಅಷ್ಟುದ್ದ ಕರೆಯುವ ತಾಳ್ಮೆ ಯಾರಿಗೂ ಇರಲಿಲ್ಲವಾದ್ದರಿಂದ ಅವನು ಬರೀ ಹಗರಿ. ನಾನು ಕೊಟ್ಟೂರು. ಕೋರ್ಸ್‌ವರ್ಕ್ ಮುಗಿದು, ಕ್ಷೇತ್ರಕಾರ್ಯದ ಹೆಸರಿನಲ್ಲಿ ನಾಲ್ವರೂ ನಮ್ಮ ನಮ್ಮ ಊರು ಸೇರಿಕೊಂಡ ಮೇಲೆ ಶನಿವಾರ ರಾತ್ರಿ ಕಂಪ್ಯೂಟರಿನ ಮುಂದೆ ಕೂತು ಒಂದು ಆಟದೊಳಗೆ ಸೇರುವುದು ರೂಢಿಯಾಯಿತು.

ಆಟದ ಹೆಸರು ‘ಆರ್‌ವಿ ದೇರ್ ಯೆಟ್?’. ಸ್ವೀಡನ್ನಿನ ನಗೆಟ್ಸ್ ಎಂಟರ್‌ಟೈನ್‌ಮೆಂಟ್ ಎಂಬ ಸಣ್ಣ ತಂಡ 2025ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ್ದು. ದೂರದ ಪ್ರಯಾಣದಲ್ಲಿ ಹಿಂದಿನ ಸೀಟಿನ ಮಕ್ಕಳು ಹೆತ್ತವರ ತಲೆ ತಿನ್ನಲು ಕೇಳುವ ಇಂಗ್ಲಿಷ್ ಪ್ರಶ್ನೆಯನ್ನು ಸ್ವಲ್ಪ ತಿರುಚಿ ಈ ಹೆಸರು ಇಟ್ಟಿದ್ದಾರೆ. ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಅದು ‘ಊರು ಬಂತಾ?’. ಒಳಗೇ ಮಲಗಿ ಏಳಬಹುದಾದ ಒಂದು ಹಳೆಯ ಗಾಡಿ. ಒಬ್ಬರಿಂದ ನಾಲ್ವರವರೆಗೆ ಅದರಲ್ಲಿ ಕೂತು ಕಾಡು ಕಣಿವೆ ದಾಟಿ ಮನೆ ಸೇರಬೇಕು. ದಾರಿ ಎನ್ನುವುದು ಹೆಸರಿಗೆ ಮಾತ್ರ: ಕಲ್ಲು, ಕೊರಕಲು, ಪ್ರಪಾತ, ಮಧ್ಯೆ ಕರಡಿ. (ಗುಡೇಕೋಟೆ ಕರಡಿಧಾಮ ಇರುವ ಕೂಡ್ಲಿಗಿ ತಾಲ್ಲೂಕು ನನ್ನ ಅವ್ವನ ತವರು, ಕರಡಿಯ ಕಥೆಗಳು ನಮಗೆ ಹೊಸವಲ್ಲ.) ಗಾಡಿಗೆ ಒಂದು ವಿಂಚ್ ಇದೆ. ಏರು ಹತ್ತದೆ ಗಾಲಿ ಸುಮ್ಮನೆ ತಿರುಗತೊಡಗಿದಾಗ ಒಬ್ಬ ಇಳಿದು, ಅದರ ಹಗ್ಗ ಎಳೆದುಕೊಂಡು ಹೋಗಿ ಮೇಲಿನ ಮರಕ್ಕೆ ಕಟ್ಟಬೇಕು. ಆಟದೊಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದು ಹತ್ತಿರವಿದ್ದಾಗ ಮಾತ್ರ. ದೂರವಾದಂತೆ ದನಿ ಸಣ್ಣಗಾಗಿ ಕೊನೆಗೆ ಇಲ್ಲವಾಗುತ್ತದೆ.

ಆ ರಾತ್ರಿ ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಕಡಿದಾದ ಏರು. ಎಂದಿನಂತೆ ಹರಪನಹಳ್ಳಿ ಇಳಿದು ಹಗ್ಗ ಕಟ್ಟಿದ. ಗಾಡಿ ನರಳುತ್ತಾ ಮೇಲೆ ಬಂತು. ಅವನು ಹಗ್ಗ ಬಿಚ್ಚಿ ಓಡಿ ಬಂದು ಹತ್ತಬೇಕು. ಅಷ್ಟರಲ್ಲಿ ಮುಂದಿನ ಇಳಿಜಾರಿಗೆ ಗಾಡಿ ಜಾರಲು ಶುರುವಾಯಿತು. “ನಿಲ್ಲಿಸಬ್ಯಾಡಲೇ, ಹೊಡಿ ಹೊಡಿ” ಎಂದು ಹಗರಿ ಕೂಗಿದ. ನಾನು ಹೊಡೆದೆ. “ಲೇ ತಡೀರಲೇ, ನಾನಿನ್ನೂ ಹತ್ತಿಲ್ಲ” ಎನ್ನುವ ದನಿ ಹಿಂದಿನಿಂದ ಬಂತು, ಸಣ್ಣದಾಯಿತು, ನಿಂತಿತು. ನಾವು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವತ್ತು ನಾವು ಅದುವರೆಗೆ ಹೋಗಿರದಷ್ಟು ದೂರ ಹೋದೆವು. ಬಹಳ ಹೊತ್ತಿನ ಮೇಲೆ ಹಡಗಲಿ, “ಅವನ ಹೆಸರು ಇನ್ನೂ ಕಾಣಾಕತ್ತೈತಲ್ಲ” ಎಂದ. ಅಂದರೆ ಅವನು ಆಟ ಬಿಟ್ಟಿರಲಿಲ್ಲ. ಆ ಏರಿನ ಮೇಲೆ ಎಲ್ಲೋ ನಿಂತಿದ್ದ. ನಾವು ಏನಾದರೂ ಮಾಡುವ ಮೊದಲೇ ಹೆಸರು ಆರಿಹೋಯಿತು. ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ನನಗೆ ಕಸಿವಿಸಿಯಾಗಿ ಹಗರಿಗೆ ಹೇಳಿದೆ. ಅವನದು ಒಂದೇ ಮಾತು: “ಏ, ಅದು ಆಟ ಅಲ್ಲೇನಪ್ಪ.”

ಈ ಬರಹ ಆ ಒಂದು ಮಾತಿನ ಬಗ್ಗೆ. ಆಟದಲ್ಲಿ ಜೊತೆಗಾರನನ್ನು ಬಿಟ್ಟು ಹೋಗುವುದು ತಪ್ಪೇ?

ಮೊದಲು ಆಡಿದವರು ಏನೆನ್ನುತ್ತಾರೆ ನೋಡೋಣ. ಇಂಥ ಆಟಗಳನ್ನು ಮಾರುವ ಸ್ಟೀಮ್‌ನಲ್ಲಿ ಅಭಿಪ್ರಾಯ ಹೇಳುವುದಕ್ಕೆ ಹೆಬ್ಬೆರಳಿನ ಎರಡೇ ಗುರುತು: ಮೇಲೆ ಅಥವಾ ಕೆಳಗೆ. ಪಕ್ಕದಲ್ಲಿ ಅವರು ಎಷ್ಟು ತಾಸು ಆಡಿದ್ದಾರೆ ಎಂಬ ಲೆಕ್ಕ ಕಾಣುತ್ತದೆ. ಅದರ ಕೆಳಗೆ ಎಷ್ಟಾದರೂ ಬರೆಯಬಹುದು. ನಾನು ಇವುಗಳನ್ನು ಓದುತ್ತಾ ಹೋದಂತೆ ಒಂದು ವಿಚಿತ್ರ ಕಂಡಿತು. ಹೆಬ್ಬೆರಳು ಮೇಲೆತ್ತಿದವರಲ್ಲಿ ಅನೇಕರು ಆಟವನ್ನು ಹೊಗಳುವುದೇ ಇಲ್ಲ. ಗಾಡಿ ಹೇಳಿದ ಮಾತು ಕೇಳುವುದಿಲ್ಲ, ಬೇಗ ಮುಗಿಯುತ್ತದೆ, ಒಬ್ಬರೇ ಆಡಿದರೆ ಬೇಸರ ಎಂದು ದೂರುತ್ತಲೇ ಹೋಗುತ್ತಾರೆ. ಆಮೇಲೆ ಗೆಳೆಯನೊಬ್ಬ ಪ್ರಪಾತಕ್ಕೆ ಬಿದ್ದ ಕಥೆ ಹೇಳಿ, ಇಂಥ ರಾತ್ರಿ ಮತ್ತೆ ಸಿಕ್ಕೀತೇ ಎಂಬಲ್ಲಿಗೆ ಮುಗಿಸುತ್ತಾರೆ. ಹಾಗಾದರೆ ಅವರು ತೀರ್ಪು ಕೊಡುತ್ತಿರುವುದು ಯಾವುದಕ್ಕೆ? ಆಟಕ್ಕೋ, ಜೊತೆಗೋ?

ಜೊತೆಯಿಲ್ಲದೆ ದಾರಿ ಮಾತ್ರ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. 1995ರ ಸುಮಾರಿಗೆ ಅಮೆರಿಕದ ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರ ಜೋಡಿ ‘ಡೆಸರ್ಟ್ ಬಸ್’ ಎಂಬ ಆಟ ಮಾಡಿಸಿದರು. ಟೂಸಾನ್‌ನಿಂದ ಲಾಸ್ ವೇಗಸ್‌ಗೆ ಮರುಭೂಮಿಯ ನೇರ ರಸ್ತೆಯಲ್ಲಿ ಬಸ್ಸು ಓಡಿಸಬೇಕು. ನಿಜವಾದ ಎಂಟು ತಾಸು. ವೇಗ ಗಂಟೆಗೆ 45 ಮೈಲಿ ದಾಟದು. ಪ್ರಯಾಣಿಕರಿಲ್ಲ, ಎದುರು ಗಾಡಿಗಳಿಲ್ಲ. ಬಸ್ಸು ಸ್ವಲ್ಪ ಬಲಕ್ಕೆ ಎಳೆಯುವುದರಿಂದ ಸ್ಟಿಯರಿಂಗ್ ಕಟ್ಟಿಟ್ಟು ಎದ್ದು ಹೋಗುವ ಹಾಗೂ ಇಲ್ಲ. ತಲುಪಿದರೆ ಸಿಗುವುದು ಒಂದೇ ಒಂದು ಅಂಕ. ಮಾಡಿದ್ದೇ ತಮಾಷೆಗೆ, ಆ ಕಾಲಕ್ಕೆ ಮಾರುಕಟ್ಟೆಗೂ ಬರಲಿಲ್ಲ. ಆದರೆ 2007ರಿಂದ ಒಂದು ಗುಂಪು ವರ್ಷಕ್ಕೊಮ್ಮೆ ಈ ನೀರಸ ಆಟವನ್ನು ಸರದಿಯ ಮೇಲೆ ದಿನಗಟ್ಟಲೆ ಆಡುತ್ತದೆ. ಸುತ್ತ ಕೂತವರು ಹಾಡುತ್ತಾರೆ, ನಗಿಸುತ್ತಾರೆ, ನೋಡುವವರು ಹಣ ಕೊಡುತ್ತಾರೆ. ಆ ಹಣ ಆಸ್ಪತ್ರೆಯಲ್ಲಿರುವ ಮಕ್ಕಳ ಆಟಕ್ಕೆ ಹೋಗುತ್ತದೆ. ಬಸ್ಸು ಅದೇ, ಮರಳೂ ಅದೇ. ಬದಲಾದದ್ದು ಬಸ್ಸು ಓಡಿಸುವವನ ಅಕ್ಕಪಕ್ಕ.

ಹೀಗೆ ಆಟದ ಒಳ್ಳೆಯದೆಲ್ಲ ಜೊತೆಯಲ್ಲೇ ಇದೆ ಎನ್ನುವುದಾದರೆ ಕೆಟ್ಟದ್ದೂ ಅಲ್ಲೇ ಇರಬೇಕಲ್ಲ? ಆ ರಾತ್ರಿಯ ನಗೆ ನಿಜವಾದದ್ದು ಎಂದು ಒಪ್ಪುವ ಹಗರಿ, ಆ ರಾತ್ರಿಯ ಕೈಬಿಡುವಿಕೆ ಮಾತ್ರ ಸುಳ್ಳು ಎನ್ನುವುದು ಹೇಗೆ?

ಆಟದ ಬಗ್ಗೆ ಬರೆದವರಲ್ಲಿ ಹಾಲೆಂಡಿನ ಯೊಹಾನ್ ಹೊಯ್ಸಿಂಗ ದೊಡ್ಡ ಹೆಸರು. 1938ರ ‘ಹೋಮೋ ಲುಡೆನ್ಸ್’ನಲ್ಲಿ ಅವರು ಆಟವು ದಿನನಿತ್ಯದ ಬದುಕಿನಿಂದ ಬೇರೆಯಾಗಿ, ತನ್ನದೇ ಕಾಲ, ತನ್ನದೇ ಜಾಗ, ತನ್ನದೇ ನಿಯಮಗಳಲ್ಲಿ ನಡೆಯುತ್ತದೆ ಎಂದು ವಾದಿಸಿದರು. ಕಬಡ್ಡಿಯ ಗೆರೆ ದಾಟಿದವನನ್ನು ಹಿಡಿದು ಕೆಡವಿದರೆ ಯಾರೂ ಪೊಲೀಸ್ ಸ್ಟೇಷನ್ನಿಗೆ ಹೋಗುವುದಿಲ್ಲ. ಚದುರಂಗದಲ್ಲಿ ರಾಜನನ್ನು ಸಿಕ್ಕಿಸಿದರೆ ರಾಜದ್ರೋಹವಲ್ಲ. ಹಗರಿಯ ಮಾತಿನ ಬಲ ಇಲ್ಲಿದೆ, ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ಒಂದು ಕೂದಲೆಳೆಯ ವ್ಯತ್ಯಾಸ ಗಮನಿಸಬೇಕು. ಆಟದ ಕರಡಿ ಹರಪನಹಳ್ಳಿಯ ಮೇಲೆ ಬಿದ್ದರೆ ನೋವಾಗುವುದು ಪರದೆಯ ಮೇಲಿನ ಗೊಂಬೆಗೆ. ಹರಪನಹಳ್ಳಿಗೆ ನಗು ಬರುತ್ತದೆ. ನಾವು ಬಿಟ್ಟು ಹೋದಾಗ ಒಂಟಿಯಾದದ್ದು ಗೊಂಬೆಯಲ್ಲ. ಗೊಂಬೆಗೆ ಒಂಟಿತನ ಗೊತ್ತಿಲ್ಲ. ಇಲ್ಲಿಂದ ಸುಮಾರು ಒಂದು ತಾಸಿನ ಹಾದಿಯ ಹಳ್ಳಿಯಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ ದೀಪ ಆರಿಸಿಕೊಂಡು ಕೂತಿದ್ದ ಒಬ್ಬ ಮನುಷ್ಯ ಖಾಲಿ ದಾರಿಯನ್ನು ನೋಡುತ್ತಾ ಉಳಿದ. ಅವನು ಆಟಕ್ಕೆ ತಂದಿದ್ದ ಗಾಡಿ, ಹಗ್ಗ, ಮರ ಎಲ್ಲ ಸುಳ್ಳು. ಅವನು ತಂದಿದ್ದ ಸಮಯ ಮಾತ್ರ ನಿಜ. ಆಟದ ಗೆರೆಯೊಳಗೆ ಏನೇ ಸುಳ್ಳಾದರೂ ಎದುರಿನವನ ಸಮಯ ಮತ್ತು ನಂಬಿಕೆ ಸುಳ್ಳಾಗುವುದಿಲ್ಲ. ಅವುಗಳ ಮೇಲೆ ಬಿದ್ದ ಏಟು ಗೆರೆಯ ಹೊರಗೂ ಉಳಿಯುತ್ತದೆ.

ನನ್ನ ಸಂಶೋಧನೆಯ ವಿಷಯ ಈ ಐದು ತಾಲ್ಲೂಕುಗಳಿಂದ ಜಾತ್ರೆಗಳಿಗೆ ಹೋಗುವ ದಾರಿಗಳು. ಮೊದಲಿಗೆ ಬಳ್ಳಾರಿ ಜಿಲ್ಲೆ, ಹರಪನಹಳ್ಳಿ ನಡುವೆ ಕೆಲವು ವರ್ಷ ದಾವಣಗೆರೆಗೆ ಹೋಗಿ ಬಂದದ್ದು, 2021ರಿಂದ ಎಲ್ಲವೂ ವಿಜಯನಗರ ಜಿಲ್ಲೆ. ನಕ್ಷೆ ಎಷ್ಟು ಸಲ ಬದಲಾದರೂ ಜಾತ್ರೆಯ ದಾರಿಗಳು ಬದಲಾಗಿಲ್ಲ. ಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೈಲಾರಕ್ಕೆ ಭರತ ಹುಣ್ಣಿಮೆಯ ಹೊತ್ತಿಗೆ, ಅದೇ ಹೊಳೆಸಾಲಿನ ಕುರುವತ್ತಿಗೆ ಶಿವರಾತ್ರಿಯ ಹೊತ್ತಿಗೆ ಬಂಡಿ ಕಟ್ಟಿಕೊಂಡು ಹೋಗುವುದು ಇಲ್ಲಿಯ ಒಕ್ಕಲು ಮನೆಗಳ ದೊಡ್ಡ ಪ್ರಯಾಣ. ಎತ್ತಿಗೆ ಜೂಲು ಹೊದಿಸಿ, ಬಂಡಿಗೆ ಕಮಾನು ಕಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ, ಎತ್ತಿಗೆ ಮೇವು, ಗಾಲಿಗೆ ಕೀಲೆಣ್ಣೆ ಇಟ್ಟುಕೊಂಡು ಸಾಲಾಗಿ ಹೊರಡುತ್ತಿದ್ದರು. ಈಗಲೂ ಹೋಗುವವರಿದ್ದಾರೆ, ಟ್ರ್ಯಾಕ್ಟರುಗಳ ನಡುವೆ.

ನಾನು ಹಿರಿಯರನ್ನು ಕೂರಿಸಿಕೊಂಡು ಮೈಲಾರದ ಬಗ್ಗೆ ಕೇಳಿದರೆ ಅವರು ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕವನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆಮೇಲೆ ಒಂದು ತಾಸು ದಾರಿಯದೇ ಕಥೆ. ಯಾವ ಹಳ್ಳದಲ್ಲಿ ಗಾಲಿ ಹೂತಿತು, ಕಡೆಗೀಲು ಕಳಚಿಬಿದ್ದು ಯಾರ ಬಂಡಿ ಮಗುಚಿತು, ಬುತ್ತಿ ಮುಗಿದಾಗ ಯಾರು ಕೊಟ್ಟರು, ಕತ್ತಲಲ್ಲಿ ಯಾರ ಎತ್ತು ಬೆದರಿ ಓಡಿತು. ಸ್ಟೀಮ್‌ನ ಅಭಿಪ್ರಾಯಗಳನ್ನು ಓದುವಾಗ ನನಗೆ ಇವರ ದನಿಯೇ ಕೇಳಿಸಿತು. ಅಲ್ಲೂ ಹಾಗೆ, ತಲುಪಿದ ಊರಿನ ಸುದ್ದಿ ಕಡಿಮೆ.

ಹಡಗಲಿ ಕಡೆಯ ಒಬ್ಬ ಅಜ್ಜ, ಒಂದು ಬಂಡಿ ಕೆಟ್ಟರೆ ಇಡೀ ಸಾಲು ನಿಲ್ಲುತ್ತಿತ್ತು ಎಂದರು. “ಎಂಥ ಕಾಲ ಅಜ್ಜಾ ಅದು, ಎಷ್ಟು ಒಳ್ಳೇ ಜನ” ಎಂದು ನಾನು ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಅಜ್ಜ ನಕ್ಕರು.

“ಒಳ್ಳೇತನ ಎಲ್ಲೀದು ತಮ್ಮಾ? ದಾರಿ ಇಲ್ದಕ್ಕ ನಿಂತ್ವಿ. ಗಾಲಿ ಜಾಡಿನ್ಯಾಗ ಒಂದು ಬಂಡಿ ನಿಂತ್ರ ಹಿಂದಿನ ಬಂಡಿ ಎತ್ತಾಗ ಹೋಗಬೇಕು? ನಿಂತೂ ನಿಂತೂ ರೂಢಿ ಆತು. ಆಮ್ಯಾಲ ಅದನ್ನ ಧರ್ಮ ಅಂದ್ವಿ.”

ಅರಿಸ್ಟಾಟಲ್ ಸದ್ಗುಣ ಹುಟ್ಟುವುದು ರೂಢಿಯಿಂದ ಎಂದಿದ್ದನ್ನು ನಾನು ಎಂ.ಎ.ಯಲ್ಲಿ ಓದಿದ್ದೆ. ಅಜ್ಜ ಅದರ ಹಿಂದಿನ ಹೆಜ್ಜೆಯನ್ನು ತೋರಿಸಿದರು. ರೂಢಿ ಹುಟ್ಟುವುದು ಜಾಡಿನಿಂದ. ಮುಂದೆ ಹೋಗಲು ದಾರಿಯೇ ಇಲ್ಲದಿದ್ದಾಗ ನಿಲ್ಲುವುದಕ್ಕೆ ಪುಣ್ಯವೇನೂ ಬೇಕಿಲ್ಲ. ಇಂಥ ಆಟಗಳನ್ನು ಕಟ್ಟುವವರಿಗೂ ಇದು ಗೊತ್ತು. ಗೇರು ಒಬ್ಬನಿಗೆ, ಹಗ್ಗ ಇನ್ನೊಬ್ಬನಿಗೆ ಎಂದು ಕೆಲಸ ಹಂಚಿ, ಒಬ್ಬರನ್ನೊಬ್ಬರು ಬಿಡಲಾರದ ಜಾಡು ಹಾಕುತ್ತಾರೆ. ನಾವು ಅದನ್ನು ಗೆಳೆತನ ಎಂದು ಕರೆದು ಹೆಬ್ಬೆರಳು ಎತ್ತುತ್ತೇವೆ. ಪರೀಕ್ಷೆ ಇರುವುದು ಜಾಡು ಮುಗಿದಲ್ಲಿ. ಡಾಂಬರು ರಸ್ತೆ ಬಂದು, ಕೆಟ್ಟು ನಿಂತ ಬಂಡಿಯ ಪಕ್ಕದಲ್ಲೇ ಹಾದು ಹೋಗುವಷ್ಟು ಅಗಲವಾದ ಮೇಲೂ ನಿಲ್ಲುತ್ತೇವೆಯೇ? ಏರು ಹತ್ತಿಯಾಯಿತು, ಹಗ್ಗ ಕಟ್ಟಿದವನ ಅಗತ್ಯ ಇನ್ನಿಲ್ಲ, ಆಗಲೂ ಬ್ರೇಕ್ ಒತ್ತುತ್ತೇವೆಯೇ? ಬಿಟ್ಟು ಹೋಗಲು ಸಾಧ್ಯವಾದ ಕ್ಷಣದಲ್ಲಿ ಮಾತ್ರ ಜೊತೆಗಿರುವುದಕ್ಕೆ ಅರ್ಥ ಬರುತ್ತದೆ. ನನಗೆ ಆ ಕ್ಷಣ ಆಟದಲ್ಲೇ ಸಿಕ್ಕಿತ್ತು.

ಅಜ್ಜನ ಮಾತನ್ನು ನಾನು ಅಲ್ಲಿಗೇ ಬಿಟ್ಟಿದ್ದರೆ ನನ್ನ ಪ್ರಬಂಧದ ಒಂದು ಅಧ್ಯಾಯ ಸೊಗಸಾಗಿ ಮುಗಿಯುತ್ತಿತ್ತು. ಆದರೆ ಅದೇ ಊರಿನ ಕೇರಿಯಲ್ಲಿ ಇನ್ನೊಬ್ಬ ಅಜ್ಜ ಇದ್ದರು. ಮೈಲಾರದ ಬಂಡಿಗಳ ಬಗ್ಗೆ ಕೇಳಿದೆ.

“ನಮಗ ಬಂಡಿ ಎಲ್ಲಿದ್ವು? ಅವರ ಬಂಡಿ ಹಿಂದ ನಡೀತಿದ್ವಿ. ಗಾಲಿ ಹೂತ್ರ ಕರೀತಿದ್ರು, ಹೆಗಲು ಕೊಡ್ತಿದ್ವಿ. ಗಾಲಿ ಎದ್ದ ಮ್ಯಾಲ ಮತ್ತ ಹಿಂದ.”

ಎರಡೂ ಅಜ್ಜಂದಿರು ಹೇಳಿದ್ದು ಒಂದೇ ದಾರಿ, ಒಂದೇ ಸಾಲು, ಬಹುಶಃ ಒಂದೇ ವರ್ಷ. ಒಬ್ಬರ ನೆನಪಿನಲ್ಲಿ ಸಾಲು ಎಲ್ಲರಿಗಾಗಿ ನಿಲ್ಲುತ್ತದೆ. ಇನ್ನೊಬ್ಬರ ನೆನಪಿನಲ್ಲಿ ಅವರು ಸಾಲಿನಲ್ಲೇ ಇಲ್ಲ. ಮನೆಗೆ ಬಂದು ಈ ಮಾತನ್ನು ಟೈಪು ಮಾಡುವಾಗ ಬೆರಳು ನಿಂತಿತು. ನಮ್ಮ ಆಟದಲ್ಲಿ ಇಳಿದು ಹಗ್ಗ ಕಟ್ಟುವ ಕೆಲಸ ಯಾವಾಗಲೂ ಹರಪನಹಳ್ಳಿಯದೇ ಏಕೆ ಆಗಿತ್ತು? ಯಾರೂ ಹಾಗೆಂದು ನಿಯಮ ಮಾಡಿರಲಿಲ್ಲ. ಅವನ ಕಂಪ್ಯೂಟರ್ ಹಳೆಯದು, ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು, ಆದ್ದರಿಂದ ಅವನಿಗೆ ಸ್ಟಿಯರಿಂಗ್ ಕೊಡುತ್ತಿರಲಿಲ್ಲ. ಅವನು ಇಲ್ಲ ಎನ್ನುವ ಸ್ವಭಾವದವನಲ್ಲ, ಆದ್ದರಿಂದ ಇಳಿ ಎನ್ನುತ್ತಿದ್ದೆವು. ಇಷ್ಟೇ ಸಾಕು. ಜಾಡು ಹೀಗೆಯೇ ಬೀಳುತ್ತದೆ.

ಇನ್ನು ಅವ್ವ. ಆ ಶನಿವಾರ ಅವಳು ನನ್ನ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಪರದೆ ನೋಡುತ್ತಾ ಮಲಗಿದ್ದಳು. ಗಾಡಿ ಹೂತದ್ದು, ನಾವು ಹಗ್ಗ ಕಟ್ಟಿ ಎಳೆದದ್ದು ಎಲ್ಲ ನೋಡಿ ಕೇಳಿದಳು:

“ಇದಕ್ಕ ರೊಕ್ಕ ಬ್ಯಾರೆ ಕೊಟ್ಟೀರೇನು?”

ಕೊಟ್ಟಿದ್ದೇವೆ ಎಂದೆ.

“ಗಾಡಿ ಕೆಡಾದು, ನೂಕಾದು, ರಾತ್ರಿ ಹೊತ್ತು ಗುಡ್ಡ ಹತ್ತಾದು… ಇದನ್ನ ಆಟ ಅಂತ ಯಾರು ಹೇಳಿದ್ರೋ ನಿಮಗ?”

ಅವಳ ಪ್ರಶ್ನೆ ತತ್ವಶಾಸ್ತ್ರದ ಪ್ರಶ್ನೆಯೇ. ಬರ್ನಾರ್ಡ್ ಸೂಟ್ಸ್ ಎಂಬ ಚಿಂತಕ 1978ರ ‘ದಿ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಡಲು ನೋಡಿದ್ದಾರೆ. ಅವರ ವಾದದ ತಿರುಳು ಇಷ್ಟು: ಅಗತ್ಯವೇ ಇಲ್ಲದ ಅಡ್ಡಿಗಳನ್ನು ನಾವಾಗಿ ಒಪ್ಪಿಕೊಂಡು ದಾಟಲು ಹೆಣಗುವುದೇ ಆಟ. ಇದನ್ನು ಅವ್ವನಿಗೆ ಹೇಗೆ ಹೇಳುವುದು? ಅವಳ ಬದುಕಿನಲ್ಲಿ ಅಗತ್ಯವಿಲ್ಲದ ಅಡ್ಡಿ ಎಂಬುದೇ ಇರಲಿಲ್ಲ. ಬಂದದ್ದನ್ನು ಒಪ್ಪಿಕೊಂಡೆಯಾ ಎಂದು ಅವಳನ್ನು ಯಾರೂ ಕೇಳಿರಲೂ ಇಲ್ಲ.

2001ರಿಂದ ಸಾಲಾಗಿ ಮೂರು ವರ್ಷ ಬರ. ನನಗೆ ಐದು ತುಂಬಿದ 2003ರಲ್ಲಿ ಅಪ್ಪ ಅವ್ವ ಗುಳೆ ಹೋದರು. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಲಾರಿಗಳಲ್ಲಿ ಹೋಗುವುದು ಆಗ ಮಾತ್ರವಲ್ಲ, ಆಮೇಲೂ ನಿಂತಿಲ್ಲ. 2005ರಲ್ಲಿ ವರ್ಷಕ್ಕೆ 100 ದಿನದ ಉದ್ಯೋಗ ಖಾತರಿಯ ಕಾಯ್ದೆ ಬಂದ ಮೇಲೂ ನಾನು ಲಾರಿಗಳನ್ನು ನೋಡಿದ್ದೇನೆ. ಶಾಲೆ ತಪ್ಪಬಾರದೆಂದು ನನ್ನನ್ನು ಕೂಡ್ಲಿಗಿ ಸೀಮೆಯ ಅಜ್ಜಿಯ ಬಳಿ ಬಿಟ್ಟರು. ಹಿಂದೆ ಉಳಿದವನು ಹೇಗಿರುತ್ತಾನೆ ಎಂಬುದು ನನಗೆ ಗೊತ್ತಿರಬೇಕಿತ್ತು.

ನಾವು ಮೂವರೂ ನಗುತ್ತಿದ್ದಾಗ ಅವ್ವ ಇನ್ನೊಂದು ಪ್ರಶ್ನೆ ಕೇಳಿದ್ದಳು. “ಹಗ್ಗ ಕಟ್ಟಾಕ ಇಳಿದಿದ್ನಲ್ಲ, ಆ ಹುಡುಗ ಹತ್ತಿದ್ನ?” ನಾನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ್ದೆ: “ಅವ್ವಾ, ಅದು ಆಟ.” ಹಗರಿಯ ಮಾತನ್ನು ಹಗರಿಗಿಂತ ಮೊದಲು ಆಡಿದವನು ನಾನೇ.

ಮರುದಿನ ರೊಟ್ಟಿ ತಟ್ಟುತ್ತಾ ಅವಳು ಲಾರಿಯ ಕಥೆ ಹೇಳಿದಳು. ಹೊರಡುವಾಗ ಮೇಸ್ತ್ರಿ ತಲೆ ಎಣಿಸುತ್ತಿದ್ದ. ಪ್ರತಿ ತಲೆಗೂ ಮುಂಗಡ ಕೊಟ್ಟಿದ್ದನಲ್ಲ, ಒಂದು ಕಡಿಮೆಯಾದರೆ ಅವನಿಗೆ ನಷ್ಟ. ದಾರಿಯಲ್ಲಿ ಹೆಂಗಸರೂ ಎಣಿಸುತ್ತಿದ್ದರು. ಒಮ್ಮೆ ನಡುರಾತ್ರಿ ಚಹಾಕ್ಕೆ ನಿಂತ ಲಾರಿ ಮತ್ತೆ ಹೊರಟಾಗ ಮೇಸ್ತ್ರಿಯ ಲೆಕ್ಕ ಸರಿಯಾಗಿತ್ತು. ಅವನು ದುಡಿಯುವವರನ್ನಷ್ಟೇ ಎಣಿಸಿದ್ದ. ಹೆಂಗಸರ ಲೆಕ್ಕದಲ್ಲಿ ಒಂದು ಕಡಿಮೆ ಬಂತು. ಹೋಟೆಲಿನ ಹಿಂದಿನ ಕಟ್ಟೆಯ ಮೇಲೆ ನಿದ್ದೆ ಹೋಗಿದ್ದ ಒಂದು ಹೆಣ್ಣುಮಗು. ಡ್ರೈವರ್ ನಿಲ್ಲಿಸುವವರೆಗೂ ಎಲ್ಲರೂ ಸೇರಿ ಕ್ಯಾಬಿನ್ ಬಡಿದರಂತೆ. ಅವನು ಬೈದ. ಇಬ್ಬರು ಇಳಿದು ಕತ್ತಲಲ್ಲಿ ನಡೆದು ಹೋಗಿ ಎತ್ತಿಕೊಂಡು ಬಂದರು.

ಲೆಕ್ಕ ಇಬ್ಬರದೂ ಇತ್ತು. ನಮ್ಮ ಪರದೆಯ ಮೇಲೂ ನಾಲ್ಕು ಹೆಸರು ಇದ್ದವು, ಎಣಿಸಲು ಕಷ್ಟವೇನಿರಲಿಲ್ಲ. ಗಾಡಿ ನಡೆಯಲು ಯಾರು ಬೇಕು ಎಂದು ಎಣಿಸುವುದು ಒಂದು ಬಗೆ. ಗಾಡಿಯಲ್ಲಿ ಯಾರು ಇರಬೇಕು ಎಂದು ಎಣಿಸುವುದು ಇನ್ನೊಂದು ಬಗೆ. ಆ ರಾತ್ರಿ ಏರು ಹತ್ತುವವರೆಗೆ ನಾನು ಹರಪನಹಳ್ಳಿಯನ್ನು ಮೇಸ್ತ್ರಿಯ ಹಾಗೆ ಎಣಿಸಿದ್ದೆ.

ಇಲ್ಲಿ ಓದುಗರು ತಡೆದು ಕೇಳಬಹುದು: ಗುಳೆ ಹೋದವರ ಕಷ್ಟವನ್ನು ಆಟದ ಪಕ್ಕದಲ್ಲಿ ಇಡುವುದೇ ಅವಮಾನವಲ್ಲವೇ? ನಾನೂ ಕೇಳಿಕೊಂಡಿದ್ದೇನೆ. ನಮ್ಮ ಊರಿನ ರಸ್ತೆಯೇ ಈ ಪ್ರಶ್ನೆಯನ್ನು ಪ್ರತಿವರ್ಷ ಎತ್ತುತ್ತದೆ. ಗುರು ಬಸವೇಶ್ವರ ಸ್ವಾಮಿಯ ತೇರಿಗೆ ದಾವಣಗೆರೆಯಿಂದ ಹರಪನಹಳ್ಳಿ ಮಾರ್ಗವಾಗಿ ಸಾವಿರಾರು ಜನ ಕೊಟ್ಟೂರಿಗೆ ನಡೆದು ಬರುತ್ತಾರೆ. ಬಸ್ಸಿದೆ, ರೈಲಿದೆ, ಆದರೂ ನಡೆಯುತ್ತಾರೆ. ಸೂಟ್ಸ್ ಹೇಳಿದ ಹಾಗೆ ಬೇಕೆಂದೇ ಒಪ್ಪಿಕೊಂಡ ಅಡ್ಡಿ. ದಾರಿಯುದ್ದಕ್ಕೂ ಜನ ನೀರು, ಮಜ್ಜಿಗೆ, ಮಂಡಕ್ಕಿ ಹಿಡಿದು ನಿಲ್ಲುತ್ತಾರೆ. ಬೊಕ್ಕೆ ಎದ್ದ ಕಾಲಿಗೆ ಎಣ್ಣೆ ಹಚ್ಚುವವರಿದ್ದಾರೆ. ಅದೇ ರಸ್ತೆಯಲ್ಲಿ, ಸುಗ್ಗಿ ಮುಗಿದ ಅದೇ ದಿನಗಳಲ್ಲಿ, ಗಂಟುಮೂಟೆ ಹೇರಿದ ಲಾರಿಗಳು ಎದುರು ದಿಕ್ಕಿಗೆ ಹೋಗುತ್ತವೆ. ಅವಕ್ಕೆ ಯಾರೂ ಮಜ್ಜಿಗೆ ಹಿಡಿದು ನಿಂತದ್ದನ್ನು ನಾನು ನೋಡಿಲ್ಲ. ನಾನೂ ನಿಂತಿಲ್ಲ.

ಆರಿಸಿಕೊಂಡ ಕಷ್ಟಕ್ಕೆ ನಾವು ಕೈಮುಗಿಯುತ್ತೇವೆ, ಹೇರಿದ ಕಷ್ಟವನ್ನು ನೋಡುವುದೇ ಇಲ್ಲ. ಅವಮಾನ ಇರುವುದು ಇಲ್ಲಿ. ಕಷ್ಟವನ್ನು ಆಟವಾಗಿ ಆಡುವುದರಲ್ಲಿ ಅಲ್ಲ. ಮಕ್ಕಳು ಮಣ್ಣಿನಲ್ಲಿ ಅಡುಗೆ ಆಡುವುದರಿಂದ ಹಸಿದವರಿಗೆ ಅವಮಾನವಾಗುವುದಿಲ್ಲ. ಆದರೆ ಆಡಿ ಎದ್ದವನು, ಜೊತೆಯಿದ್ದರೆ ಕಷ್ಟವೂ ಸುಖವೇ ಎಂದು ಲಾರಿಯವರಿಗೆ ಹೇಳಹೊರಟರೆ ಅದು ಅವಮಾನ. ಅವ್ವ ಲಾರಿಯ ಜೊತೆಗಾರರನ್ನು ಇವತ್ತಿಗೂ ನೆನೆಯುತ್ತಾಳೆ. ಆ ಪ್ರಯಾಣವನ್ನು ಒಮ್ಮೆಯೂ ಒಳ್ಳೆಯದೆಂದಿಲ್ಲ. ಜೊತೆ ಒಳ್ಳೆಯದಾದರೆ ದಾರಿಯೂ ಒಳ್ಳೆಯದು ಎಂಬ ತಪ್ಪನ್ನು ಮಾಡುವುದು ಹೆಬ್ಬೆರಳು ಎತ್ತುವ ನಮ್ಮಂಥವರು.

ಮೂರನೆಯ ಶನಿವಾರವೂ ಅವನು ಬಾರದೆ ಇದ್ದಾಗ ಭಾನುವಾರ ಬೆಳಿಗ್ಗೆ ಹರಪನಹಳ್ಳಿಯ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಅವನು ತಾನಾಗಿ ಹೇಳಿದ. ಸಂಶೋಧನೆ ಬಿಡುತ್ತಿದ್ದಾನೆ. ಮನೆಯ ಸಾಲ, ತಂಗಿಯ ಓದು; ಬೆಂಗಳೂರಿನಲ್ಲಿ ಸಂಬಂಧಿಯೊಬ್ಬರು ಕೆಲಸ ನೋಡಿದ್ದಾರೆ.

“ಅವತ್ತು ರಾತ್ರಿ ಹೇಳಬೇಕಂತನಾ ಕುಂತಿದ್ದೆ. ಏರು ಹತ್ತಿದ ಮ್ಯಾಲ ಹೇಳಾನ ಅಂದ್ಕೊಂಡೆ. ಹೊಳ್ಳಿ ಬರ್ತೀರೇನಂತ ಸ್ವಲ್ಪ ಹೊತ್ತು ಕಾದೆ. ಆಮ್ಯಾಲ ಹೇಳಾದೇನೈತಿ ಬಿಡು ಅನಿಸ್ತು.”

ತಪ್ಪಾಯಿತು ಎಂದೆ. ಅವನು ನಕ್ಕು ನನ್ನ ತಟ್ಟೆಯಿಂದ ಒಂದು ಮಿರ್ಚಿ ಎತ್ತಿಕೊಂಡ. “ಏ ಬಿಡಲೇ, ಅದು ಆಟ.”

ಅವನಿಗೆ ಹೇಳುವುದು ಏನೋ ಇತ್ತು ಎಂಬ ಕಾರಣಕ್ಕೇ ನಾನು ಮಾಡಿದ್ದು ತಪ್ಪಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಅವನಲ್ಲಿ ಹೇಳಲು ಏನೂ ಇಲ್ಲದಿದ್ದರೂ ಅದು ತಪ್ಪೇ. ಪಕ್ಕದ ಸೀಟಿನವನು ಏನನ್ನು ಹೊತ್ತು ಬಂದು ಕೂತಿದ್ದಾನೆ ಎಂಬುದು ಯಾವತ್ತೂ ನಮಗೆ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ನಿಲ್ಲಿಸುತ್ತೇನೆ ಎನ್ನುವವನು ನಿಲ್ಲಿಸುವುದೇ ಇಲ್ಲ.

ಬಸ್ಸಿನಲ್ಲಿ ವಾಪಸು ಬರಲು ಕೂತಾಗ ಅವನ ಮಾತು ತಲೆಯಲ್ಲಿ ತಿರುಗುತ್ತಿತ್ತು. ‘ಅದು ಆಟ’ ಎಂದು ಹಗರಿಯೂ ಹೇಳಿದ್ದ, ನಾನೂ ಹೇಳಿದ್ದೆ, ಈಗ ಇವನೂ ಹೇಳಿದ. ಪದ ಒಂದೇ. ಬಿಟ್ಟು ಹೋದವನು ಹೇಳಿದರೆ ಅದು ನುಣುಚಿಕೊಳ್ಳುವ ಮಾತು. ಹಿಂದೆ ಉಳಿದವನು ಹೇಳಿದರೆ ಅದು ಕ್ಷಮೆ. ಯಾವುದು ಬರೀ ಆಟ, ಯಾವುದು ಅಲ್ಲ ಎಂದು ತೀರ್ಪು ಕೊಡುವ ಹಕ್ಕು ನೋವಾದವನಿಗೆ ಮಾತ್ರ ಇದೆ. ಅದನ್ನು ನಾವು ಅವನ ಕೈಯಿಂದ ಮೊದಲೇ ಕಿತ್ತುಕೊಂಡು ಆಡಿಬಿಡುತ್ತೇವೆ. ಆಟದಲ್ಲಷ್ಟೇ ಅಲ್ಲ: ತಮಾಷೆಗೆ ಅಂದೆ, ಹಳೇ ಕಾಲದ್ದು ಬಿಡಿ, ಈಗ ಅದೆಲ್ಲ ಎಲ್ಲಿದೆ ಎನ್ನುವಾಗಲೂ. ಬಂಡಿಯ ಹಿಂದೆ ನಡೆದ ಅಜ್ಜ ಅದನ್ನು ‘ಆಗಿನ ಕಾಲ’ ಎಂದು ನಕ್ಕರೆ ಅದು ಅವರ ದೊಡ್ಡತನ. ಬಂಡಿಯಲ್ಲಿ ಕೂತವರ ಮೊಮ್ಮಗ ಹಾಗೆಂದರೆ ಬೇರೆ.

ಸ್ಟೀಮ್ ನನ್ನನ್ನು ಈಗಲೂ ಕೇಳುತ್ತಿದೆ, ಈ ಆಟವನ್ನು ಇತರರಿಗೆ ಶಿಫಾರಸು ಮಾಡುತ್ತೀರಾ ಎಂದು. ಮಾಡುತ್ತೇನೆ. ಹೆಬ್ಬೆರಳು ಮೇಲೆಯೇ. ಬೇರೆ ಎಲ್ಲಿಯೂ ಇಷ್ಟು ಅಗ್ಗಕ್ಕೆ ನನ್ನ ಬಗ್ಗೆ ನನಗೆ ಇಷ್ಟು ತಿಳಿಯುತ್ತಿರಲಿಲ್ಲ. ಆಟದ ಹೆಸರಿನಲ್ಲಿರುವ ಪ್ರಶ್ನೆ ಮಾತ್ರ ಹಿಂದಿನ ಸೀಟಿನ ಮಕ್ಕಳದು. ದೊಡ್ಡವರಾಗುವುದೆಂದರೆ ಕೇಳುವ ಪ್ರಶ್ನೆ ಬದಲಾಗುವುದಿರಬೇಕು.

ಬಸ್ಸು ಸ್ಟ್ಯಾಂಡಿನಿಂದ ಹಿಂದೆ ಸರಿಯುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು, “ಎಲ್ರೂ ಹತ್ತಿದ್ರ್ಯಾ?” ಎಂದು ಕೂಗಿದ. ಕಿಟಕಿಯ ಪಕ್ಕದ ಹೆಂಗಸು, “ತಡೀರ್ರಿ, ಒಬ್ಬಾಕಿ ಬರಾಕತ್ಯಾಳ” ಎಂದಳು. ಬರುತ್ತಿದ್ದವಳು ಅವಳಿಗೆ ಪರಿಚಯದವಳೇನೂ ಆಗಿರಲಿಲ್ಲ. ಡ್ರೈವರ್ ಗೊಣಗಿದ. ಬಸ್ಸು ಗುರುಗುಟ್ಟುತ್ತಾ ನಿಂತಿತು.